ಐವರ ಕುಟುಂಬಕ್ಕೆ ಸಿಂಗಪುರದಲ್ಲಿ ಪಂಚತಾರಾ ಹೋಟೆಲ್: ಒಂದು ದೊಡ್ಡ ಸೂಟ್ ತೆಗೆದುಕೊಳ್ಳುವುದೇ, ಎರಡು ಕೋಣೆಗಳೇ?

ಜಯನಗರದ ಸೊಸೆ ಬರೆದಿದ್ದಾರೆ:

ಎಲ್ಲರಿಗೂ ನಮಸ್ಕಾರ. ಬರುವ ಬೇಸಿಗೆ ರಜೆಯಲ್ಲಿ ನಾವು ಐದು ಜನ ಸಿಂಗಪುರಕ್ಕೆ ಹೋಗುವುದೆಂದು ನಿಶ್ಚಯವಾಗಿದೆ: ನಾನು, ಯಜಮಾನರು, 13 ವರ್ಷದ ಮಗಳು, 6 ವರ್ಷದ ಮಗ ಮತ್ತು 72 ವರ್ಷದ ನಮ್ಮ ಅತ್ತೆಯವರು. ಅತ್ತೆಯವರಿಗೆ ಮಂಡಿನೋವಿದೆ. ನಡೆಯುತ್ತಾರೆ, ಆದರೆ ಮೆಟ್ಟಿಲು ಹತ್ತುವುದೂ ಬಹಳ ಹೊತ್ತು ನಿಲ್ಲುವುದೂ ಆಗುವುದಿಲ್ಲ. ಇದು ಅವರ ಮೊದಲ ವಿದೇಶ ಪ್ರವಾಸವಾದ್ದರಿಂದ ಈ ಸಲ ಖರ್ಚಿನ ಮಾತು ಬೇಡ, ಊರಿನ ನಡುವೆಯೇ ಇರುವ ಒಳ್ಳೆಯ ಪಂಚತಾರಾ ಹೋಟೆಲಿನಲ್ಲಿ ಇಳಿದುಕೊಳ್ಳೋಣ ಎಂದು ಯಜಮಾನರು ಪಟ್ಟು ಹಿಡಿದಿದ್ದಾರೆ. ಒಂದು ವಾರ ತುಂಬುವ ಮೊದಲೇ ಹಿಂದಿರುಗುತ್ತೇವೆ.

ತೊಂದರೆ ಶುರುವಾಗಿರುವುದು ಬುಕಿಂಗ್ ಮಾಡಲು ಕುಳಿತಾಗ. ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು ಎಂದು ಹಾಕಿದರೆ ಸಾಲುಸಾಲಾಗಿ ಕೋಣೆಗಳು ಕಾಣಿಸುತ್ತವೆ. ಅತ್ತೆಯವರನ್ನು ಸೇರಿಸಿದ ಕೂಡಲೇ ಅರ್ಧಕ್ಕರ್ಧ ಮಾಯವಾಗುತ್ತವೆ. ಮಕ್ಕಳ ವಯಸ್ಸನ್ನು ಸರಿಯಾಗಿ ತುಂಬಿದರೆ ಉಳಿದವೂ ಹೋಗಿ, ಎರಡು ಕೋಣೆ ತೆಗೆದುಕೊಳ್ಳಿ ಎಂಬ ಸೂಚನೆಯೋ, ನಮ್ಮ ಕೈಗೆಟುಕದ ಬೆಲೆಯ ಸೂಟೋ ಮಾತ್ರ ಉಳಿಯುತ್ತದೆ. ಎರಡು ಕೋಣೆ ತೆಗೆದುಕೊಂಡು ಒಂದು ಹತ್ತನೆಯ ಮಹಡಿಯಲ್ಲಿ, ಇನ್ನೊಂದು ಇಪ್ಪತ್ತನೆಯ ಮಹಡಿಯಲ್ಲಿ ಸಿಕ್ಕಿದರೆ ಅತ್ತೆಯವರನ್ನು ಒಬ್ಬರನ್ನೇ ಬಿಡಲಾಗುವುದಿಲ್ಲ. ನಾಲ್ಕು ಜನರ ಲೆಕ್ಕದಲ್ಲಿ ಕೋಣೆ ಹಿಡಿದು, ಅಲ್ಲಿಗೆ ಹೋದ ಮೇಲೆ ಒಂದು ಹಾಸಿಗೆ ಹಾಕಿಸಿಕೊಂಡರಾಯಿತು ಎಂದು ನಮ್ಮ ನೆಂಟರೊಬ್ಬರು ಹೇಳುತ್ತಿದ್ದಾರೆ. ಅದು ನಡೆಯುವ ಮಾತೇ? ಮಕ್ಕಳಂತೂ ಮರೀನಾ ಬೇ ಸ್ಯಾಂಡ್ಸ್‌ನ ಈಜುಕೊಳದ ಜಪ ಮಾಡುತ್ತಿವೆ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಸೆಂಗ್‌ಕಾಂಗ್ ನಿವಾಸಿ ಬರೆದಿದ್ದಾರೆ:

ನಮಸ್ಕಾರ. ನಾನು ಇಲ್ಲೇ ನೆಲೆಸಿರುವುದರಿಂದ, ಪ್ರತಿ ಬೇಸಿಗೆಯಲ್ಲೂ ಊರಿನಿಂದ ಬರುವ ಬಂಧುಗಳಿಗಾಗಿ ಈ ಹುಡುಕಾಟ ಮಾಡಿ ಅಭ್ಯಾಸವಾಗಿದೆ. ಮೊದಲಿಗೆ ನಿಮ್ಮ ನೆಂಟರ ಸಲಹೆಯನ್ನು ಬದಿಗಿಡಿ. ಇಲ್ಲಿನ ಹೋಟೆಲುಗಳು ತಂಗುವ ಪ್ರತಿಯೊಬ್ಬರ ಪಾಸ್‌ಪೋರ್ಟನ್ನೂ ಚೆಕ್‌ಇನ್ ಸಮಯದಲ್ಲಿ ಪಡೆದು ನೋಂದಾಯಿಸಿಕೊಳ್ಳುತ್ತವೆ. ಒಂದು ಕೋಣೆಯಲ್ಲಿ ಎಷ್ಟು ಜನ ಮಲಗಬಹುದೆಂಬ ಮಿತಿಗೆ ಬೆಂಕಿ ಅನಾಹುತದ ಮುಂಜಾಗ್ರತೆಯೂ ಕಾರಣ. ಹೊರಗೆ ಓಡುವ ದಾರಿಗೆ ಅಡ್ಡವಾಗಿ ಮಂಚ ಬರಬಾರದೆಂಬುದನ್ನು ಅವರು ಗಟ್ಟಿಯಾಗಿಯೇ ಪಾಲಿಸುತ್ತಾರೆ. ಐದನೆಯವರು ಬಂದು ನಿಂತರೆ, ಆ ಹೊತ್ತಿನ ದರದಲ್ಲಿ ಇನ್ನೊಂದು ಕೋಣೆ ಕೊಳ್ಳಿ ಎನ್ನುತ್ತಾರೆ. ಅಂದು ಖಾಲಿ ಇರುವ ಕೋಣೆ ನಿಮ್ಮ ಪಕ್ಕದ್ದೇ ಆಗಿರಬೇಕೆಂದೇನೂ ಇಲ್ಲ.

ಎರಡನೆಯದಾಗಿ, ನಿಮ್ಮ ಕುಟುಂಬದ ಲೆಕ್ಕವನ್ನು ಹೋಟೆಲಿನವರ ಕಣ್ಣಿನಿಂದ ನೋಡಿ. ಬಹಳಷ್ಟು ಹೋಟೆಲುಗಳಲ್ಲಿ ಮಗು ಎಂದರೆ 11 ಅಥವಾ 12 ವರ್ಷದವರೆಗೆ ಮಾತ್ರ. ಆದ್ದರಿಂದ ನಿಮ್ಮ ಮಗಳು ಅವರ ಪಾಲಿಗೆ ದೊಡ್ಡವಳು, ನೀವು ನಾಲ್ವರು ದೊಡ್ಡವರು ಮತ್ತು ಒಂದು ಮಗು. ‘ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು’ ಎಂದು ಜಾಹೀರಾತಿನಲ್ಲಿ ಕಾಣುವ ಫ್ಯಾಮಿಲಿ ರೂಮುಗಳು ನಿಮಗೆ ಹೇಗೂ ಒದಗುವುದಿಲ್ಲ. ಅವುಗಳನ್ನು ನೋಡುತ್ತಾ ಸಂಜೆ ಕಳೆಯಬೇಡಿ.

ಮನೆ ಬಾಡಿಗೆಗೆ ಹಿಡಿಯೋಣವೆಂದು ಯಾರಾದರೂ ಹೇಳಿದರೆ ಅದಕ್ಕೂ ಕಿವಿಗೊಡಬೇಡಿ. ಸಿಂಗಪುರದಲ್ಲಿ ಖಾಸಗಿ ಮನೆಯನ್ನು ಸತತ 3 ತಿಂಗಳಿಗಿಂತ ಕಡಿಮೆ ಅವಧಿಗೆ, ಸರ್ಕಾರಿ ಎಚ್‌ಡಿಬಿ ಫ್ಲ್ಯಾಟನ್ನು 6 ತಿಂಗಳಿಗಿಂತ ಕಡಿಮೆ ಅವಧಿಗೆ ಬಾಡಿಗೆಗೆ ಕೊಡುವುದು ಕಾನೂನುಬಾಹಿರ. 2018ರಲ್ಲಿ ಪ್ರವಾಸಿಗಳಿಗೆ ಮನೆ ಕೊಟ್ಟಿದ್ದ ಇಬ್ಬರಿಗೆ ನ್ಯಾಯಾಲಯ ತಲಾ 60,000 ಸಿಂಗಪುರ ಡಾಲರ್ ದಂಡ ವಿಧಿಸಿತ್ತು. ದಂಡ ಮಾಲೀಕರಿಗೆ ಬಿದ್ದರೂ, ಪೆಟ್ಟಿಗೆಗಳೊಂದಿಗೆ ರಸ್ತೆಗೆ ಬೀಳುವವರು ಪ್ರವಾಸಿಗಳೇ.

ಕುಂದಾಪುರದ ಹೋಟೆಲಿಗ ಬರೆದಿದ್ದಾರೆ:

ನಾನು ಕೊಲ್ಲಿ ದೇಶಗಳಲ್ಲಿಯೂ ಆಗ್ನೇಯ ಏಷ್ಯಾದಲ್ಲಿಯೂ ದೊಡ್ಡ ಹೋಟೆಲುಗಳ ಫ್ರಂಟ್ ಆಫೀಸಿನಲ್ಲಿ ಕೆಲಸ ಮಾಡಿದವನು. ಜಯನಗರದ ತಾಯಿಯವರ ಪ್ರಶ್ನೆಗೆ ಉತ್ತರ ಒಂದೇ: ನೀವು ಹುಡುಕಬೇಕಾದದ್ದು ದೊಡ್ಡ ಕೋಣೆಯನ್ನಲ್ಲ, ಎರಡು ಕೋಣೆಗಳ ನಡುವಿನ ಬಾಗಿಲನ್ನು. ಕನೆಕ್ಟಿಂಗ್ ರೂಮ್ ಎಂದರೆ ಕಾರಿಡಾರಿಗೆ ಬಾರದೆ ಒಳಗಿನಿಂದಲೇ ಒಂದರಿಂದ ಇನ್ನೊಂದಕ್ಕೆ ಹೋಗಬಹುದಾದ ಜೋಡಿ ಕೋಣೆ. ಅಡ್‌ಜಾಯ್ನಿಂಗ್ ಅಥವಾ ಅಡ್ಜಸೆಂಟ್ ಎಂದು ಬರೆದುಕೊಟ್ಟರೆ ಅದು ಪಕ್ಕದ ಅಥವಾ ಎದುರಿನ ಕೋಣೆ, ಅಷ್ಟೇ. ನಡುವೆ ಬಾಗಿಲಿರುತ್ತದೆಂಬ ಭರವಸೆಯಿಲ್ಲ. ಬುಕಿಂಗ್ ಮಾಡುವವರು ಈ ಪದಗಳನ್ನು ಬೆರೆಸಿಬಿಡುತ್ತಾರೆ, ರಾತ್ರಿ ಪಾಳಿಯಲ್ಲಿ ಅದಕ್ಕೆ ಬೈಸಿಕೊಳ್ಳುವವನು ನನ್ನಂಥವನು.

ಈ ಬಾಗಿಲಿನ ಜೋಡಿಗಳು ಯಾವ ಹೋಟೆಲಿನಲ್ಲಿಯೂ ಹೇರಳವಾಗಿರುವುದಿಲ್ಲ. ನಡುಗೋಡೆಯಲ್ಲಿ ಎರಡು ಬಾಗಿಲುಗಳು ಒಂದರ ಬೆನ್ನಿಗೆ ಒಂದು ಇರುತ್ತವೆ. ಒಂದೊಂದು ಬದಿಯಿಂದ ಒಂದೊಂದು ಬೀಗ. ಎರಡೂ ಕಡೆಯವರು ತೆರೆದರೆ ಮಾತ್ರ ದಾರಿ. ಗೋಡೆಗಿಂತ ಬಾಗಿಲಿನಿಂದ ಸದ್ದು ಹೆಚ್ಚು ದಾಟುವುದರಿಂದ, ಅಪರಿಚಿತರಿಗೆ ಅವನ್ನು ಬಿಡಿಬಿಡಿಯಾಗಿ ಕೊಟ್ಟರೆ ದೂರು ಬರುತ್ತದೆ. ಹಾಗಾಗಿ ಹೊಸ ಕಟ್ಟಡಗಳಲ್ಲಿಯೂ ಕೆಲವನ್ನು ಮಾತ್ರ ಹಾಗೆ ಕಟ್ಟಿರುತ್ತಾರೆ, ಸಾಮಾನ್ಯವಾಗಿ ಒಂದರಲ್ಲಿ ಕಿಂಗ್ ಹಾಸಿಗೆ, ಇನ್ನೊಂದರಲ್ಲಿ ಎರಡು ಪ್ರತ್ಯೇಕ ಹಾಸಿಗೆ. ನಿಮ್ಮ ಮನೆಮಂದಿಗೆ ಹೇಳಿ ಮಾಡಿಸಿದ ಜೋಡಣೆಯಿದು. ಕಿಂಗ್ ಹಾಸಿಗೆಯಲ್ಲಿ ನೀವಿಬ್ಬರೂ ಮಗನೂ, ಆಚೆ ಅಜ್ಜಿ ಮತ್ತು ಮೊಮ್ಮಗಳು. ಎಕ್ಸ್‌ಟ್ರಾ ಬೆಡ್ಡಿನ ತಂಟೆಯೇ ಬೇಕಾಗಿಲ್ಲ.

ಕೋಣೆಗಳನ್ನು ಹಂಚುವ ರೀತಿ ತಿಳಿದರೆ ನಿಮ್ಮ ಆತಂಕ ಅರ್ಧ ಕಡಿಮೆಯಾದೀತು. ನೀವು ಪ್ರಯಾಣದ ವೆಬ್‌ಸೈಟಿನಲ್ಲಿ ಎರಡು ಕೋಣೆ ಕೊಂಡು ‘ಕನೆಕ್ಟಿಂಗ್ ಬೇಕು’ ಎಂದು ಕೆಳಗಿನ ಪೆಟ್ಟಿಗೆಯಲ್ಲಿ ಬರೆದರೆ, ಅದು ನಮ್ಮ ಪರದೆಯ ಮೇಲೆ ಒಂದು ಕೋರಿಕೆಯಾಗಿ ಮಾತ್ರ ಬರುತ್ತದೆ. ಎಷ್ಟೋ ಸಲ ಎರಡು ಬುಕಿಂಗ್‌ಗಳಿಗೆ ಎರಡು ಬೇರೆ ಸಂಖ್ಯೆಗಳಿದ್ದು, ಅವು ಒಂದೇ ಕುಟುಂಬದ್ದೆಂಬುದೇ ಯಾರಿಗೂ ತಿಳಿಯುವುದಿಲ್ಲ. ಇಂಥದೇ ಕೋಣೆ ಎಂದು ಬ್ಲಾಕ್ ಮಾಡುವುದು ಸಾಮಾನ್ಯವಾಗಿ ಹಿಂದಿನ ದಿನ ಅಥವಾ ಅದೇ ದಿನ ಬೆಳಿಗ್ಗೆ. ಅಷ್ಟರಲ್ಲಿ ಜೋಡಿಯ ಒಂದು ಕೋಣೆಯವರು ಇನ್ನೊಂದು ರಾತ್ರಿ ಉಳಿಯುತ್ತೇವೆಂದರೆ ಜೋಡಿ ಮುರಿಯಿತು. ಆದ್ದರಿಂದ ಹೋಟೆಲಿನಲ್ಲಿಯೇ ನೇರವಾಗಿ ಕಾಯ್ದಿರಿಸಿ, ಎರಡೂ ಸಂಖ್ಯೆಗಳನ್ನು ಜೋಡಿಸಲು ಹೇಳಿ, ‘ಕೋರಿಕೆ’ ಎಂದಲ್ಲ, ‘ಖಚಿತ’ ಎಂಬ ಮಾತನ್ನು ಇಮೇಲಿನಲ್ಲಿ ಬರೆಸಿಕೊಳ್ಳಿ. ಹಿಲ್ಟನ್ ಸಮೂಹ 2021ರಿಂದ ಕನೆಕ್ಟಿಂಗ್ ಕೋಣೆಗಳನ್ನು ಬುಕಿಂಗ್ ಸಮಯದಲ್ಲಿಯೇ ಖಚಿತಪಡಿಸುವ ವ್ಯವಸ್ಥೆ ತಂದಿದೆ. ಸಿಂಗಪುರದಲ್ಲಿ ಆರ್ಚರ್ಡ್ ರಸ್ತೆಯ ಹಿಲ್ಟನ್, ಅಂದರೆ ಮೊದಲು ಮ್ಯಾಂಡರಿನ್ ಆರ್ಚರ್ಡ್ ಆಗಿದ್ದ ಕಟ್ಟಡ, ಸಾವಿರಕ್ಕೂ ಹೆಚ್ಚು ಕೋಣೆಗಳ ಹೋಟೆಲು. ಕೋಣೆ ಹೆಚ್ಚಿದ್ದಷ್ಟೂ ಜೋಡಿ ಸಿಗುವ ಸಂಭವ ಹೆಚ್ಚು.

ಧಾರವಾಡ ಪೇಢಾ ಬರೆದಿದ್ದಾರೆ:

ಅಕ್ಕಾರ, ನಾನು ಇದಕ್ಕೆ ಪೂರ್ತಿ ವಿರುದ್ಧ. ಹಿರಿಯರನ್ನು ಕರೆದುಕೊಂಡು ಹೋಗುವುದು ಎಲ್ಲರೂ ಒಂದೇ ಸೂರಿನ ಕೆಳಗೆ ಕುಳಿತು ಹರಟಲಿ ಎಂದು. ಎರಡು ಕೋಣೆಯಾದರೆ ರಾತ್ರಿ ಊಟ ಮುಗಿದ ಮೇಲೆ ಅವರವರ ಕೋಣೆ, ಅವರವರ ಟಿವಿ. ಸೂಟಿನಲ್ಲಿ ಪ್ರತ್ಯೇಕ ಕೂಡುವ ಕೋಣೆ ಇರುತ್ತದೆ, ಬೆಳಿಗ್ಗೆ ಚಹಾ ಕುಡಿಯುತ್ತಾ ಎಲ್ಲರೂ ಒಟ್ಟಿಗೆ ಕುಳಿತುಕೊಳ್ಳಬಹುದು. ಖರ್ಚಿನ ಮಾತು ಬೇಡ ಎಂದು ಯಜಮಾನರೇ ಹೇಳಿರುವಾಗ ರ‍್ಯಾಫಲ್ಸ್ ಹೋಟೆಲನ್ನೇಕೆ ನೋಡಬಾರದು? 1887ರಲ್ಲಿ ಶುರುವಾದ, 2019ರಲ್ಲಿ ದೊಡ್ಡ ನವೀಕರಣದ ನಂತರ ಮತ್ತೆ ತೆರೆದ ಈ ಹೋಟೆಲಿನಲ್ಲಿ ಇರುವುದೆಲ್ಲ ಸೂಟುಗಳೇ. ಅದು ಬೇಡವಾದರೆ ಕೋಣೆಗಳೇ ದೊಡ್ಡದಾಗಿರುವ ಹೋಟೆಲು ಆರಿಸಿ. ಮರೀನಾ ಬೇ ಬಳಿಯ ರಿಟ್ಜ್-ಕಾರ್ಲ್‌ಟನ್ ಮಿಲೇನಿಯಾದಲ್ಲಿ ಸಾಧಾರಣ ಕೋಣೆಯೇ ಸುಮಾರು 51 ಚದರ ಮೀಟರ್ ಇದೆ. ನಮ್ಮ ಲೆಕ್ಕದಲ್ಲಿ 550 ಚದರ ಅಡಿ, ಅಂದರೆ ಬೆಂಗಳೂರಿನ ಮೂವತ್ತು-ನಲವತ್ತರ ಸೈಟಿನ ಅರ್ಧಕ್ಕೆ ಸ್ವಲ್ಪ ಕಡಿಮೆ. ಅಷ್ಟು ಜಾಗದಲ್ಲಿ ಐದು ಜನ ಹಾಯಾಗಿ ಇರಬಹುದಲ್ಲ!

ಕುಂದಾಪುರದ ಹೋಟೆಲಿಗ ಬರೆದಿದ್ದಾರೆ:

ಧಾರವಾಡದ ಸ್ನೇಹಿತರೇ, ನಿಮ್ಮ ಅಕ್ಕರೆಗೆ ನನ್ನ ತಕರಾರಿಲ್ಲ, ಆದರೆ ಚದರ ಅಡಿಗೂ ಜನರ ಮಿತಿಗೂ ನೇರ ಸಂಬಂಧವಿಲ್ಲ. ಕೋಣೆ ಎಷ್ಟು ವಿಶಾಲವಾಗಿದ್ದರೂ ಅದರ ದಾಖಲೆಯಲ್ಲಿ ಮೂವರು ಎಂದಿದ್ದರೆ ಮೂವರೇ. ಅನೇಕ ಐಷಾರಾಮಿ ಹೋಟೆಲುಗಳು ಆ ಜಾಗವನ್ನು ದೊಡ್ಡ ಸ್ನಾನದ ತೊಟ್ಟಿಗೂ, ಬಟ್ಟೆ ಬದಲಾಯಿಸುವ ಮೊಗಸಾಲೆಗೂ, ಕಿಟಕಿಯ ಪಕ್ಕದ ದಿವಾನಕ್ಕೂ ಕೊಟ್ಟಿರುತ್ತವೆಯೇ ಹೊರತು ಹಾಸಿಗೆಗಳಿಗಲ್ಲ. ಅಗ್ಗದ ಹೋಟೆಲು ಒಂದೇ ಕೋಣೆಯಲ್ಲಿ ನಾಲ್ಕು ಹಾಸಿಗೆ ಹಾಕುತ್ತದೆ, ದುಬಾರಿ ಹೋಟೆಲು ಇಬ್ಬರ ಏಕಾಂತವನ್ನು ಮಾರುತ್ತದೆ. ಹಣ ಹೆಚ್ಚು ಕೊಟ್ಟಷ್ಟೂ ಕುಟುಂಬಕ್ಕೆ ಅನುಕೂಲ ಎಂಬ ಎಣಿಕೆ ತಪ್ಪುವುದು ಇಲ್ಲಿಯೇ.

ಒಂದು ಮಲಗುವ ಕೋಣೆಯ ಸೂಟಿನ ನಕ್ಷೆಯನ್ನು ಎದುರಿಗಿಟ್ಟುಕೊಂಡು ನೋಡಿ. ಒಳಗೆ ಒಂದು ಕಿಂಗ್ ಹಾಸಿಗೆ, ಹೊರಗಿನ ಹಜಾರದಲ್ಲಿ ಸೋಫಾ ಕಮ್ ಬೆಡ್. ಪೂರ್ಣ ಸ್ನಾನದ ಮನೆ ಒಂದೇ, ಅದಕ್ಕೆ ದಾರಿ ಮಲಗುವ ಕೋಣೆಯ ಮೂಲಕ. ಹಜಾರದ ಪಕ್ಕದಲ್ಲಿ ಇರುವುದಾದರೆ ಒಂದು ಸಣ್ಣ ಶೌಚಾಲಯ. 72 ವರ್ಷದವರು ಸೋಫಾದ ಮೇಲೆ ಮಲಗಿ, ನಸುಕಿನಲ್ಲಿ ಎದ್ದು, ಮಗ-ಸೊಸೆ ಮಲಗಿರುವ ಕೋಣೆಯನ್ನು ಹಾದು ಸ್ನಾನಕ್ಕೆ ಹೋಗಬೇಕು. ಅವರು ಹೋಗುವುದಿಲ್ಲ, ಎಲ್ಲರೂ ಏಳುವವರೆಗೆ ಕುಳಿತೇ ಇರುತ್ತಾರೆ. ನಮ್ಮ ಕಡೆಯ ಹಿರಿಯರ ಸ್ವಭಾವ ನಿಮಗೇ ಗೊತ್ತು. ಎರಡು ಮಲಗುವ ಕೋಣೆಗಳ ಸೂಟಾದರೆ ಈ ಕಷ್ಟವಿಲ್ಲ, ಆದರೆ ಅದರ ಬೆಲೆ ಎರಡು ಕೋಣೆಗಳ ಬೆಲೆಯನ್ನು ಬಹುಮಟ್ಟಿಗೆ ಮೀರಿಸುತ್ತದೆ.

ಇನ್ನೊಂದು ಸಂಗತಿಯನ್ನು ಸಂಕೋಚ ಬಿಟ್ಟು ಹೇಳುತ್ತೇನೆ. ಹೊಸ ವಿನ್ಯಾಸದ ಹೋಟೆಲುಗಳಲ್ಲಿ ಸ್ನಾನದ ಮನೆಗೂ ಮಲಗುವ ಕೋಣೆಗೂ ನಡುವೆ ಗಾಜಿನ ಗೋಡೆ ಇರುವುದುಂಟು. ಕೆಲವು ಕಡೆ ಪರದೆ ಇಳಿಸಬಹುದು, ಕೆಲವು ಕಡೆ ಗಾಜು ಮಸುಕಾಗಿರುತ್ತದೆ, ಕೆಲವು ಕಡೆ ಎರಡೂ ಇಲ್ಲ. ಅತ್ತೆ-ಸೊಸೆ, ಬೆಳೆದ ಮಗಳು ಒಂದೇ ಕಡೆ ಇರುವಾಗ ಇದನ್ನು ಮೊದಲೇ ಕೇಳಿ ತಿಳಿಯಿರಿ. ಫೋಟೋಗಳಲ್ಲಿ ಅದು ಬಹಳ ಸುಂದರವಾಗಿ ಕಾಣುತ್ತದೆ.

ಲೆಕ್ಕದ ಮೇಷ್ಟ್ರು ಬರೆದಿದ್ದಾರೆ:

ಬೆಲೆಯ ಮಾತು ಬಂದಿದ್ದರಿಂದ ಒಂದು ವಿಷಯ ಸೇರಿಸುತ್ತೇನೆ. ಸಿಂಗಪುರದ ಹೋಟೆಲು ದರದ ಮುಂದೆ ಎರಡು ಕೂಡುವ ಚಿಹ್ನೆಗಳಿದ್ದರೆ, 10 ಶೇಕಡಾ ಸೇವಾ ಶುಲ್ಕವನ್ನೂ ಅದರ ಮೇಲೆ ಜಿಎಸ್‌ಟಿಯನ್ನೂ ಸೇರಿಸಿಲ್ಲವೆಂದು ಅರ್ಥ. ಅಲ್ಲಿನ ಜಿಎಸ್‌ಟಿ 2024ರ ಜನವರಿಯಿಂದ 9 ಶೇಕಡಾ ಆಗಿದೆ. ಉಳಿದ ಅಂಗಡಿಗಳು ತೆರಿಗೆ ಸೇರಿಸಿಯೇ ಬೆಲೆ ತೋರಿಸಬೇಕೆಂಬ ನಿಯಮವಿದ್ದರೂ, ಸೇವಾ ಶುಲ್ಕ ವಿಧಿಸುವ ಹೋಟೆಲು ಮತ್ತು ಊಟದ ಮನೆಗಳಿಗೆ ಅದರಲ್ಲಿ ವಿನಾಯಿತಿಯಿದೆ. ಒಟ್ಟಿನಲ್ಲಿ, ಕಾಣುವ ದರವನ್ನು 1.199ರಿಂದ ಗುಣಿಸಿದರೆ ಕೊಡುವ ದರ ಸಿಗುತ್ತದೆ, 500 ಡಾಲರ್ ಎಂದಿರುವ ಕೋಣೆಗೆ 599.50 ಡಾಲರ್.

ಈಗ ಸೂಟಿನ ಮತ್ತು ಜೋಡಿ ಕೋಣೆಯ ತುಲನೆಯನ್ನು ಬರಿಯ ಲೆಕ್ಕಕ್ಕಾಗಿ ಊಹಿಸಿದ ಸಂಖ್ಯೆಗಳಲ್ಲಿ ಮಾಡೋಣ. ತಲಾ 400 ಡಾಲರಿನ ಎರಡು ಕೋಣೆಗಳಿಗೆ ತೆರಿಗೆ ಸೇರಿ 959.20 ಆಗುತ್ತದೆ. ಪ್ರತಿ ಕೋಣೆಯ ದರದಲ್ಲಿ ಇಬ್ಬರ ತಿಂಡಿ ಸೇರಿದ್ದರೆ ನಾಲ್ವರ ತಿಂಡಿ ಅದರಲ್ಲೇ ಬಂತು. 700 ಡಾಲರಿನ ಸೂಟು ನೋಡಲು ಅಗ್ಗವೆನಿಸಬಹುದು. ಆದರೆ ಅದಕ್ಕೆ 80 ಡಾಲರಿನ ಎಕ್ಸ್‌ಟ್ರಾ ಬೆಡ್ ಸೇರಿಸಿ, ಹೆಚ್ಚಿನ ಇಬ್ಬರು ದೊಡ್ಡವರ ತಿಂಡಿಗೆ ತಲಾ 40 ಸೇರಿಸಿ, ಮತ್ತೆ ತೆರಿಗೆ ಹಾಕಿದರೆ 1,031.14. ಐದನೆಯವರನ್ನು ಅದರೊಳಗೆ ಬಿಡುತ್ತಾರೆಂದೇ ಇಟ್ಟುಕೊಂಡು ಬಂದ ಮೊತ್ತವಿದು.

ಕ್ರೆಡಿಟ್ ಕಾರ್ಡಿನ ವಿಷಯವನ್ನೂ ಮರೆಯಬೇಡಿ. ಚೆಕ್‌ಇನ್ ವೇಳೆ ಹೋಟೆಲಿನವರು ಇತರ ಖರ್ಚುಗಳ ಭದ್ರತೆಗೆಂದು ಕಾರ್ಡಿನಲ್ಲಿ ಒಂದಿಷ್ಟು ಮೊತ್ತವನ್ನು ತಡೆಹಿಡಿಯುತ್ತಾರೆ. ಎರಡು ಕೋಣೆಗೆ ಎರಡು ತಡೆ. ಮೊದಲೇ ವಿದೇಶಿ ಹಣ ತುಂಬಿಸಿಟ್ಟ ಫಾರೆಕ್ಸ್ ಕಾರ್ಡ್ ಕೊಟ್ಟರೆ, ನೀವು ಊರಿಗೆ ಮರಳಿದ ಮೇಲೂ ಬಿಡುಗಡೆಯಾಗದೆ ಕೆಲವು ದಿನ ಉಳಿಯುವ ಹಣ ನಿಮ್ಮದೇ ಖರ್ಚಿನ ಹಣವಾಗಿರುತ್ತದೆ. ಆದ್ದರಿಂದ ಭದ್ರತೆಗೆ ಕ್ರೆಡಿಟ್ ಕಾರ್ಡ್, ತಿರುಗಾಟಕ್ಕೆ ಫಾರೆಕ್ಸ್ ಕಾರ್ಡ್ ಎಂದು ಬೇರೆಬೇರೆ ಇಟ್ಟುಕೊಳ್ಳುವುದು ಲೇಸು.

ದೇರಾದ ಕನ್ನಡಿಗ ಬರೆದಿದ್ದಾರೆ:

ದುಬೈಗೆ ಬರುವವರೂ ಈ ಚರ್ಚೆ ಓದುತ್ತಿರಬಹುದೆಂದು ಎರಡು ಮಾತು. ಇಲ್ಲಿ ಟೂರಿಸಂ ದಿರ್ಹಮ್ ಎಂಬ ಶುಲ್ಕವನ್ನು ಮಲಗುವ ಕೋಣೆಯ ಲೆಕ್ಕದಲ್ಲಿ ವಸೂಲು ಮಾಡುತ್ತಾರೆ, ಪಂಚತಾರಾ ಹೋಟೆಲಾದರೆ ಒಂದು ರಾತ್ರಿಗೆ 20 ದಿರ್ಹಮ್. ಎರಡು ಮಲಗುವ ಕೋಣೆಗಳ ಸೂಟು ತೆಗೆದುಕೊಂಡರೂ ಎರಡರ ಶುಲ್ಕ ಕೊಡಬೇಕು. ಆದ್ದರಿಂದ ಆ ಉಳಿತಾಯದ ಆಸೆಯಿಂದ ಸೂಟು ಆರಿಸುವ ಅಗತ್ಯವಿಲ್ಲ.

ಜಯನಗರದ ಸೊಸೆ ಬರೆದಿದ್ದಾರೆ:

ಎಲ್ಲರಿಗೂ ಕೃತಜ್ಞತೆಗಳು. ಅತ್ತೆಯವರಿಗೆ ಗಾಜಿನ ಗೋಡೆಯ ವಿಷಯ ಓದಿ ಹೇಳಿದಾಗ, ಹಾಗಾದರೆ ನಾನು ಮನೆಯಲ್ಲೇ ಇರುತ್ತೇನೆ ಎಂದುಬಿಟ್ಟರು! ಸಮಾಧಾನ ಮಾಡಿದ್ದಾಯಿತು. ಕನೆಕ್ಟಿಂಗ್ ಕೋಣೆಗಳೇ ಸರಿ ಎಂಬ ತೀರ್ಮಾನಕ್ಕೆ ಬಂದಿದ್ದೇವೆ. ಉಳಿದ ಪ್ರಶ್ನೆಗಳು ಮೂರು. ಸರ್ವೀಸ್ಡ್ ಅಪಾರ್ಟ್‌ಮೆಂಟ್ ಎಂಬುದು ಮನೆ ಬಾಡಿಗೆಯಂತೆ ಕಾನೂನುಬಾಹಿರವೇ? ಅಡುಗೆಮನೆ ಇದ್ದರೆ ಅತ್ತೆಯವರಿಗೆ ಅನ್ನ-ಸಾರು ಮಾಡಿಕೊಡಬಹುದಿತ್ತು. ಮರೀನಾ ಬೇ ಸ್ಯಾಂಡ್ಸ್‌ನಲ್ಲಿ ಒಂದು ರಾತ್ರಿ ಮಾತ್ರ ಇದ್ದು ಉಳಿದ ದಿನ ಬೇರೆ ಕಡೆ ಇರುವುದು ಹೇಗೆ? ನಮ್ಮ ವಿಮಾನ ಬೆಳಗಿನ ಜಾವ ಇಳಿಯುತ್ತದೆ. ಅಷ್ಟು ಹೊತ್ತಿಗೆ ಕೋಣೆ ಕೊಡುತ್ತಾರೆಯೇ?

ಸೆಂಗ್‌ಕಾಂಗ್ ನಿವಾಸಿ ಬರೆದಿದ್ದಾರೆ:

ಸರ್ವೀಸ್ಡ್ ಅಪಾರ್ಟ್‌ಮೆಂಟ್‌ಗಳು ಪೂರ್ತಿ ಕಾನೂನುಬದ್ಧ. ಆಸ್ಕಾಟ್, ಫ್ರೇಸರ್ ಮುಂತಾದ ಹೆಸರಾಂತ ಸಂಸ್ಥೆಗಳು ಹುಟ್ಟಿದ್ದೇ ಈ ಊರಿನಲ್ಲಿ. ಎರಡು ಮಲಗುವ ಕೋಣೆ, ಎರಡು ಸ್ನಾನದ ಮನೆ, ಒಲೆ, ಬಟ್ಟೆ ಒಗೆಯುವ ಯಂತ್ರ ಎಲ್ಲವೂ ಇರುವ ಮನೆಗಳು ಸಿಗುತ್ತವೆ. ಆದರೆ ಸರ್ವೀಸ್ಡ್ ಅಪಾರ್ಟ್‌ಮೆಂಟ್ ಎಂಬ ಅನುಮತಿಯಲ್ಲಿ ನಡೆಯುವ ಕಟ್ಟಡಗಳಲ್ಲಿ ಕನಿಷ್ಠ 7 ದಿನ ತಂಗಬೇಕೆಂಬ ನಿಯಮವಿದೆ. ಹೋಟೆಲಿನ ಪರವಾನಗಿಯೂ ಇರುವ ಕಡೆ ಒಂದು ರಾತ್ರಿಗೂ ಕೊಡುತ್ತಾರೆ. ನೀವು ಒಂದು ವಾರ ತುಂಬುವ ಮೊದಲೇ ಹೊರಡುವುದರಿಂದ ಎರಡನೆಯ ಬಗೆಯದನ್ನೇ ನೋಡಬೇಕು. ನನ್ನನ್ನು ಕೇಳಿದರೆ, ಯಜಮಾನರ ಆಸೆ ಪಂಚತಾರಾ ಹೋಟೆಲಿನ ಉಪಚಾರವಾಗಿರುವಾಗ, ಪ್ರವಾಸದಲ್ಲಿಯೂ ಕುಕ್ಕರ್ ಇಟ್ಟುಕೊಂಡು ನಿಲ್ಲುವ ಕೆಲಸ ನಿಮ್ಮ ತಲೆಗೇ ಬರುತ್ತದೆ. ಅನ್ನ-ಸಾರಿಗೆ ಲಿಟಲ್ ಇಂಡಿಯಾ ಇದೆ. ಸೆರಂಗೂನ್ ರಸ್ತೆಯ ಕೋಮಲ ವಿಲಾಸ್ 1947ರಿಂದ ಸಸ್ಯಾಹಾರಿ ಊಟ ಬಡಿಸುತ್ತಿದೆ, ಅದೇ ರಸ್ತೆಯಲ್ಲಿ ಮುಂದೆ ಹೋದರೆ ನಮ್ಮ ಎಂಟಿಆರ್‌ನ ಶಾಖೆಯೂ ಇದೆ.

ಬೆಳಗಿನ ವಿಮಾನದ ಬಗ್ಗೆ: ಇಲ್ಲಿನ ಹೋಟೆಲುಗಳಲ್ಲಿ ಸಾಮಾನ್ಯವಾಗಿ ಕೋಣೆ ಸಿಗುವುದು ಮಧ್ಯಾಹ್ನ 3 ಗಂಟೆಗೆ. ಬೆಂಗಳೂರಿನಿಂದ ರಾತ್ರಿ ಹೊರಟರೆ ಹಾರಾಟ ಸುಮಾರು ನಾಲ್ಕೂವರೆ ಗಂಟೆ, ಗಡಿಯಾರ ಎರಡೂವರೆ ಗಂಟೆ ಮುಂದೆ, ಹಾಗಾಗಿ ನಿಮಗೆ ಅರ್ಧ ನಿದ್ದೆಯೂ ಆಗಿರುವುದಿಲ್ಲ. ಮಕ್ಕಳು ಲಾಬಿಯ ಸೋಫಾದಲ್ಲಿ ಮಲಗಿಯಾರು, ಮಂಡಿನೋವಿನವರ ಗತಿ? ಹಿಂದಿನ ರಾತ್ರಿಗೂ ಸೇರಿಸಿ ಕೋಣೆ ಕಾಯ್ದಿರಿಸುವುದು ಖಚಿತವಾದ ದಾರಿ. ಎರಡೂ ಕೋಣೆಗಳನ್ನು ಹಾಗೆ ಮಾಡುವುದು ಭಾರವೆನಿಸಿದರೆ ಒಂದನ್ನಾದರೂ ಮಾಡಿ, ಅಂದು ಬೆಳಿಗ್ಗೆ ಐವರೂ ಅಲ್ಲಿ ಮೈ ಚಾಚಬಹುದೇ ಎಂದು ಮೊದಲೇ ಕೇಳಿಕೊಳ್ಳಿ. ಇಲ್ಲವಾದರೆ ಹಗಲಿನ ವಿಮಾನ ಹಿಡಿಯಿರಿ.

ಚಾಂಗಿ ನಿಲ್ದಾಣದಿಂದ ಬರುವಾಗ ಸಾಧಾರಣ ಟ್ಯಾಕ್ಸಿಯಲ್ಲಿ ನಾಲ್ವರು ಪ್ರಯಾಣಿಕರು ಮಾತ್ರ ಕೂರಬಹುದು. ಐದು ಜನ, ಅಷ್ಟು ಪೆಟ್ಟಿಗೆ ಎಂದರೆ ಆರು ಆಸನದ ಮ್ಯಾಕ್ಸಿ ಕ್ಯಾಬ್ ಬೇಕು, ನಿಲ್ದಾಣದಲ್ಲಿಯೇ ಕೇಳಿ ಪಡೆಯಬಹುದು. ಊರಿನೊಳಗೆ ಆ್ಯಪ್ ಮೂಲಕ ಖಾಸಗಿ ಕಾರು ಕರೆಯುವಾಗ ನಿಮ್ಮ ಮಗನ ಎತ್ತರ 1.35 ಮೀಟರಿಗಿಂತ ಕಡಿಮೆಯಿದ್ದರೆ ಮಗುವಿನ ಸೀಟ್ ಇರುವ ವಾಹನವನ್ನೇ ಆರಿಸಬೇಕು. ಮೀಟರ್ ಟ್ಯಾಕ್ಸಿಗಳಿಗೆ ಆ ನಿಯಮದಿಂದ ವಿನಾಯಿತಿಯಿದೆ.

ಧಾರವಾಡ ಪೇಢಾ ಬರೆದಿದ್ದಾರೆ:

ಮರೀನಾ ಬೇ ಸ್ಯಾಂಡ್ಸ್ ಬಗ್ಗೆ ನಾನು ಹೇಳುತ್ತೇನೆ, ಏಕೆಂದರೆ ನಮ್ಮ ಮನೆಯ ಮಕ್ಕಳೂ ಇದೇ ಹಟ ಹಿಡಿದಿದ್ದರು. 57ನೆಯ ಮಹಡಿಯ ಆ ಕೊಳ 150 ಮೀಟರ್ ಉದ್ದವಿದೆ, ಮೂರು ಗೋಪುರಗಳ ನೆತ್ತಿಯ ಮೇಲೆ ಹಡಗು ಇಟ್ಟಂತಿರುವ ಆ ಕಟ್ಟಡ 2010ರಲ್ಲಿ ತೆರೆಯಿತು. ಕೊಳಕ್ಕೆ ಪ್ರವೇಶ ಅಲ್ಲಿ ತಂಗಿದವರಿಗೆ ಮಾತ್ರ, ಅದೂ ತಮ್ಮತಮ್ಮ ಹೆಸರಿನ ಕೋಣೆಯ ಕಾರ್ಡ್ ತೋರಿಸಿ. ಹಣ ಕೊಟ್ಟು ಮೇಲೆ ಹೋಗಬಹುದಾದ ವೀಕ್ಷಣಾ ಅಟ್ಟ ಬೇರೆ, ಅಲ್ಲಿಂದ ನೀರಿಗಿಳಿಯುವಂತಿಲ್ಲ. ಕೊನೆಯ ರಾತ್ರಿಯನ್ನು ಅಲ್ಲಿ ಇಟ್ಟುಕೊಳ್ಳಿ. ಬೆಳಿಗ್ಗೆಯೇ ಹೋಗಿ ಪೆಟ್ಟಿಗೆ ಒಪ್ಪಿಸಿ, ಕೋಣೆ ಸಿಗುವ ಮೊದಲೇ ಕೊಳಕ್ಕೆ ಬಿಡುತ್ತಾರೆಯೇ ಎಂದು ವಿಚಾರಿಸಿದರೆ ಒಂದೇ ರಾತ್ರಿಯ ಹಣದಲ್ಲಿ ಒಂದೂವರೆ ದಿನ ಸಿಕ್ಕೀತು.

ಕುಂದಾಪುರದ ಹೋಟೆಲಿಗ ಬರೆದಿದ್ದಾರೆ:

ಹಿರಿಯರನ್ನು ಕಟ್ಟಿಕೊಂಡು ಹೋಟೆಲು ಬದಲಿಸುವುದನ್ನು ನಾನು ಒಪ್ಪುವುದಿಲ್ಲ. ಐದು ಜನರ ಸಾಮಾನು ಮತ್ತೆ ಕಟ್ಟಬೇಕು, 11 ಅಥವಾ 12 ಗಂಟೆಗೆ ಖಾಲಿ ಮಾಡಬೇಕು, 3 ಗಂಟೆಯವರೆಗೆ ಅಲೆಯಬೇಕು, ಕನೆಕ್ಟಿಂಗ್ ಕೋಣೆಯ ಕಾಗದಪತ್ರವನ್ನು ಎರಡನೆಯ ಹೋಟೆಲಿನೊಂದಿಗೂ ನಡೆಸಬೇಕು. ಒಂದು ಮಧ್ಯಮಾರ್ಗ ಸೂಚಿಸುತ್ತೇನೆ: ಕೊನೆಯ ರಾತ್ರಿ ಯಜಮಾನರು ಮಕ್ಕಳಿಬ್ಬರನ್ನು ಕರೆದುಕೊಂಡು ಮರೀನಾ ಬೇ ಸ್ಯಾಂಡ್ಸ್‌ನ ಒಂದೇ ಕೋಣೆಗೆ ಹೋಗಲಿ, ಮೂವರಿಗೆ ಅನುಮತಿಯಿರುವ ಕೋಣೆಯನ್ನೇ ಆರಿಸಿ. ನೀವೂ ಅತ್ತೆಯವರೂ ಮೊದಲಿನ ಹೋಟೆಲಿನಲ್ಲಿ ಒಂದು ಕೋಣೆಯನ್ನು ಉಳಿಸಿಕೊಂಡು ನೆಮ್ಮದಿಯಾಗಿರಿ. ಒಟ್ಟು ಎರಡೇ ಕೋಣೆಗಳ ಖರ್ಚು, ಅತ್ತೆಯವರು ಕದಲಬೇಕಾಗಿಲ್ಲ.

ಮೊದಲ ಹೋಟೆಲಿನ ಆಯ್ಕೆಯಲ್ಲಿ ಮೆಟ್ರೋ ನಿಲ್ದಾಣಕ್ಕೆ ಸೂರಿನಡಿಯಲ್ಲೇ ಹೋಗುವ ದಾರಿಗೆ ಹೆಚ್ಚು ಅಂಕ ಕೊಡಿ, ಏಕೆಂದರೆ ಸಿಂಗಪುರದ ಮಳೆ ಹೇಳಿ ಕೇಳಿ ಬರುವುದಿಲ್ಲ. ಸಿಟಿ ಹಾಲ್ ನಿಲ್ದಾಣದ ಮೇಲಿನ ರ‍್ಯಾಫಲ್ಸ್ ಸಿಟಿ ಸಮುಚ್ಚಯದಲ್ಲಿ ಸ್ವಿಸೊಟೆಲ್ ದಿ ಸ್ಟ್ಯಾಮ್‌ಫರ್ಡ್ ಮತ್ತು ಫೇರ್‌ಮಾಂಟ್ ಎರಡೂ ಇವೆ. ಸ್ಟ್ಯಾಮ್‌ಫರ್ಡ್ 1986ರ ಕಟ್ಟಡ, 226 ಮೀಟರ್ ಎತ್ತರ, ಕೋಣೆಗಳೂ ಬಹಳ. ಮಕ್ಕಳ ದೃಷ್ಟಿಯಿಂದ ನೋಡುವುದಾದರೆ ಶಾಂಗ್ರಿ-ಲಾ ಹೋಟೆಲಿನಲ್ಲಿ ಕುಟುಂಬಗಳಿಗೆಂದೇ ಅಲಂಕರಿಸಿದ ಕೋಣೆಗಳೂ ದೊಡ್ಡ ತೋಟವೂ ಇವೆ, ಆದರೆ ಅದು ಆರ್ಚರ್ಡ್ ರಸ್ತೆಯಿಂದ ಸ್ವಲ್ಪ ಒಳಗಿದೆ, ನಿಲ್ದಾಣ ಕಾಲ್ನಡಿಗೆಗೆ ದೂರವೆನಿಸೀತು.

ಹೋಟೆಲಿಗೆ ಬರೆಯುವ ಪತ್ರದಲ್ಲಿ ಸ್ನಾನದ ಮನೆಯನ್ನು ಮರೆಯಬೇಡಿ. ತೊಟ್ಟಿಯ ಅಂಚು ದಾಟಿ ಶವರಿನ ಕೆಳಗೆ ನಿಲ್ಲುವ ವ್ಯವಸ್ಥೆ ಅತ್ತೆಯವರಿಗೆ ಅಪಾಯ. ನೆಲಮಟ್ಟದ ಶವರ್, ಹಿಡಿದುಕೊಳ್ಳಲು ಕಂಬಿ, ಕೂರಲು ಒಂದು ಸ್ಟೂಲ್, ಶೌಚದ ಪಕ್ಕ ಹೆಲ್ತ್ ಫಾಸೆಟ್ ಇವೆಯೇ ಎಂದು ಒಂದೊಂದನ್ನೂ ಹೆಸರಿಸಿ ಕೇಳಿ. ಎರಡೂ ಕೋಣೆಗಳನ್ನು ನಿಮ್ಮ ಅಥವಾ ಯಜಮಾನರ ಹೆಸರಿನಲ್ಲಿಯೇ ಮಾಡಿ, ಆದರೆ ಯಾವ ಕೋಣೆಯಲ್ಲಿ ಯಾರು ಮಲಗುತ್ತಾರೆಂಬ ಪಟ್ಟಿಯನ್ನು ವಯಸ್ಸಿನ ಸಮೇತ ಕೊಡಿ. ಪ್ರತಿ ಕೋಣೆಯಲ್ಲಿಯೂ ಒಬ್ಬ ವಯಸ್ಕರ ಹೆಸರು ನೋಂದಣಿಯಾಗಿರಬೇಕು, ನಿಮ್ಮಲ್ಲಿ ಅಜ್ಜಿ ಇರುವುದರಿಂದ ಅದಕ್ಕೆ ತೊಡಕಿಲ್ಲ.

ಜಯನಗರದ ಸೊಸೆ ಬರೆದಿದ್ದಾರೆ:

ಹೋಟೆಲಿನಿಂದ ಉತ್ತರ ಬಂದಿದೆ. ಸಿಟಿ ಹಾಲ್ ನಿಲ್ದಾಣದ ಬಳಿಯಲ್ಲಿಯೇ, ಕಿಂಗ್ ಹಾಸಿಗೆಯ ಒಂದು ಕೋಣೆ ಮತ್ತು ಎರಡು ಪ್ರತ್ಯೇಕ ಹಾಸಿಗೆಗಳ ಇನ್ನೊಂದು ಕೋಣೆ, ನಡುವೆ ಬಾಗಿಲು ಖಚಿತ ಎಂದು ಎರಡೂ ಬುಕಿಂಗ್ ಸಂಖ್ಯೆಗಳನ್ನು ನಮೂದಿಸಿ ಬರೆದಿದ್ದಾರೆ. ಎರಡು ಹಾಸಿಗೆಯ ಕೋಣೆಯಲ್ಲಿ ನೆಲಮಟ್ಟದ ಶವರ್ ಇದೆಯಂತೆ, ಸ್ಟೂಲ್ ಕೊಡುತ್ತಾರಂತೆ. ಮಗನ ತಿಂಡಿಗೆ ಮಾತ್ರ ಪ್ರತ್ಯೇಕ ದರ ಹೇಳಿದ್ದಾರೆ. ವಿಮಾನವನ್ನು ಹಗಲಿನದಕ್ಕೆ ಬದಲಾಯಿಸಿಕೊಂಡೆವು. ಕೊಳದ ವಿಷಯದಲ್ಲಿ ಕುಂದಾಪುರದವರ ಮಧ್ಯಮಾರ್ಗವನ್ನು ಯಜಮಾನರು ಒಪ್ಪಿದ್ದಾರೆ, ನಾನು ಒಂದು ರಾತ್ರಿ ಮಕ್ಕಳ ಗಲಾಟೆ ಇಲ್ಲದೆ ಮಲಗುತ್ತೇನೆಂಬುದನ್ನು ಅವರಿಗೆ ಒತ್ತಿ ಹೇಳಲಿಲ್ಲ.

ಕೊನೆಯದಾಗಿ ಅತ್ತೆಯವರ ಒಂದು ಪ್ರಶ್ನೆ. ಬೆಳಿಗ್ಗೆ ಸ್ನಾನವಾದ ಮೇಲೆ ಅವರು ದೇವರಿಗೆ ದೀಪ, ಊದುಬತ್ತಿ ಹಚ್ಚದೆ ಏನನ್ನೂ ಬಾಯಿಗೆ ಹಾಕುವುದಿಲ್ಲ. ಕೋಣೆಯಲ್ಲಿ ಅದಕ್ಕೆ ಅವಕಾಶವಿದೆಯೇ?

ಸೆಂಗ್‌ಕಾಂಗ್ ನಿವಾಸಿ ಬರೆದಿದ್ದಾರೆ:

ದಯವಿಟ್ಟು ಬೇಡ. ಹೊಗೆ ಪತ್ತೆ ಮಾಡುವ ಸಾಧನ ಪ್ರತಿ ಕೋಣೆಯ ಮೇಲ್ಛಾವಣಿಯಲ್ಲಿರುತ್ತದೆ, ಊದುಬತ್ತಿಯ ಹೊಗೆಗೂ ಅದು ಕೂಗಿಕೊಳ್ಳಬಹುದು. ಬ್ಯಾಟರಿಯ ಪುಟ್ಟ ದೀಪವೊಂದನ್ನು ಜೊತೆಗೆ ತನ್ನಿ, ನಮ್ಮ ತಾಯಿಯವರು ಬಂದಾಗ ಅದಕ್ಕೆ ಒಪ್ಪಿಕೊಂಡಿದ್ದರು. ಒಂದು ದಿನ ಬೆಳಿಗ್ಗೆ ಸೆರಂಗೂನ್ ರಸ್ತೆಯ ಶ್ರೀನಿವಾಸ ಪೆರುಮಾಳ್ ದೇವಸ್ಥಾನಕ್ಕೆ ಅವರನ್ನು ಕರೆದುಕೊಂಡು ಹೋಗಿ. ನಾನು ಮೇಲೆ ಹೇಳಿದ ಎಂಟಿಆರ್ ಅದರ ಎದುರು ಬದಿಯಲ್ಲೇ ಇದೆ, ದರ್ಶನ ಮುಗಿಸಿ ತಿಂಡಿಗೆ ಅಲ್ಲಿಗೇ ಹೋಗಬಹುದು. ಸಿಟಿ ಹಾಲ್‌ನಿಂದ ಧೋಬಿ ಘಾಟ್‌ಗೆ ಒಂದೇ ನಿಲ್ದಾಣ, ಅಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿದರೆ ಎರಡನೆಯ ನಿಲ್ದಾಣವೇ ಫ್ಯಾರರ್ ಪಾರ್ಕ್. ಎಲ್ಲ ಕಡೆ ಲಿಫ್ಟ್ ಇದ್ದರೂ ಧೋಬಿ ಘಾಟ್‌ನಲ್ಲಿ ಮಾರ್ಗ ಬದಲಿಸುವ ನಡಿಗೆ ಉದ್ದವಾದದ್ದು. ಅತ್ತೆಯವರು ಜೊತೆಗಿರುವ ದಿನ ಟ್ಯಾಕ್ಸಿಯಲ್ಲೇ ಹೋಗಿ.